‘ಮಿಮಿ’ಯ ರಿಪೋರ್ಟು ಸುಳ್ಳಾದದ್ದು ಯಾರ ಅನುಕೂಲಕ್ಕೆ?

‘ಮಿಮಿ’ ಸಿನಿಮಾ ನೋಡಿದವರಿಗೆ ಆ ತಿರುವು ನೆನಪಿರಬೇಕು. ಅಮೆರಿಕದ ಜಾನ್ ಮತ್ತು ಸಮರ್ ಅನ್ನೋ ಗಂಡ ಹೆಂಡತಿ, ರಾಜಸ್ಥಾನದ ಡಾನ್ಸರ್ ಹುಡುಗಿ ಮಿಮಿಯನ್ನ ಇಪ್ಪತ್ತು ಲಕ್ಷಕ್ಕೆ ಒಪ್ಪಿಸಿ ಬಾಡಿಗೆ ತಾಯಿ ಮಾಡಿರ್ತಾರೆ. ಎಲ್ಲ ಚೆನ್ನಾಗಿ ನಡೀತಿರುವಾಗ ಡಾಕ್ಟರು ಟೆಸ್ಟಿನ ರಿಪೋರ್ಟು ತೋರಿಸ್ತಾರೆ: ಮಗುವಿಗೆ ಡೌನ್ ಸಿಂಡ್ರೋಮ್. ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಹೊರಡ್ತಾರೆ. ಮಗು ತೆಗೆಸಲು ಹೇಳು ಅಂತ ಡ್ರೈವರ್ ಭಾನುವಿನ ಕೈಲಿ ಹೇಳಿ ಕಳಿಸ್ತಾರೆ. ಮಿಮಿ ಒಪ್ಪಲ್ಲ, ಹೆರ್ತಾಳೆ. ಹುಟ್ಟಿದ ಗಂಡುಮಗು ಬೆಳ್ಳಗೆ, ದುಂಡಗೆ, ಆರೋಗ್ಯವಾಗಿದೆ. ರಿಪೋರ್ಟು ಸುಳ್ಳು. ನೋಡ್ತಿದ್ದ ನಾವೆಲ್ಲ ಉಸ್ಸಪ್ಪಾ ಅಂತ ಉಸಿರು ಬಿಡ್ತೀವಿ.

ನನ್ನ ತಕರಾರು ಇರೋದು ಆ ಉಸ್ಸಪ್ಪಾದ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ, ಇದು ಕೆಟ್ಟ ಸಿನಿಮಾ ಅಲ್ಲ. 2021ರ ಜುಲೈನಲ್ಲಿ, ಕೋವಿಡ್ಡಿಂದ ಎಲ್ಲರೂ ಮನೆಯಲ್ಲಿ ಕೂತಿದ್ದಾಗ, ಒಟಿಟಿಗೆ ಬಂತು. ನಿರ್ದೇಶಕ ಲಕ್ಷ್ಮಣ್ ಉತೇಕರ್. ಇದಕ್ಕೆ ಮೂಲ ಸಮೃದ್ಧಿ ಪೋರೆ ಮಾಡಿದ ‘ಮಲಾ ಆಯಿ ವ್ಹಾಯ್ಚಯ್’ ಅನ್ನೋ ಮರಾಠಿ ಸಿನಿಮಾ. ಅದಕ್ಕೆ ಆ ವರ್ಷದ ಅತ್ಯುತ್ತಮ ಮರಾಠಿ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದಿತ್ತು. ‘ಮಿಮಿ’ಗೂ ಬಂತು, ಕೃತಿ ಸನೋನ್‌ಗೆ ನಾಯಕಿಯ ಪ್ರಶಸ್ತಿ, ಪಂಕಜ್ ತ್ರಿಪಾಠಿಗೆ ಪೋಷಕ ನಟನ ಪ್ರಶಸ್ತಿ. ತ್ರಿಪಾಠಿಯ ಭಾನು ಅಂತೂ ನಮ್ಮ ಕಡೆ ವಡಾಪ್ ಗಾಡಿ ಹೊಡೆಯೋ ಯಾವ ಡ್ರೈವರ್‌ನ ನೋಡಿದರೂ ನೆನಪಾಗ್ತಾನೆ, ಬಾಯಿ ಬೊಂಬಾಯಿ, ಮನಸ್ಸು ಬೆಣ್ಣೆ. ಮಿಮಿಯ ಗೆಳತಿ ಶಮಾ ಆಗಿರೋ ಸಯಿ ತಾಮ್ಹಣಕರ್ ನಮ್ಮ ಪಕ್ಕದ ಸಾಂಗ್ಲಿಯ ಹೆಣ್ಣುಮಗಳು. ಹಾಗಾಗಿ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಮನೆಗಳಲ್ಲಿ ಈ ಸಿನಿಮಾ ಪರಕೀಯ ಅನ್ನಿಸಲಿಲ್ಲ. ಹಿಂದಿ, ಮರಾಠಿ, ಕನ್ನಡ ಮೂರೂ ಒಂದೇ ಊಟದ ತಾಟಿನಲ್ಲಿ ಬೀಳೋ ಸೀಮೆ ನಮ್ಮದು.

ಪರಕೀಯ ಅನ್ನಿಸಲಿಲ್ಲ ಅನ್ನೋದೇ ಇಲ್ಲಿನ ವಿಷಯ. ಬಸುರಿನ ಜೆನೆಟಿಕ್ ಟೆಸ್ಟ್ ಅಂದರೇನು ಅಂತ ನನ್ನ ಮನೆಯವರಿಗೆ ಕಲಿಸಿದ್ದು ಯಾವ ಡಾಕ್ಟರೂ ಅಲ್ಲ, ಈ ಸಿನಿಮಾ.

ನನ್ನ ಹೆಂಡತಿಗೆ ಹನ್ನೆರಡನೇ ವಾರದಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಬಲ್ ಮಾರ್ಕರ್ ಮಾಡಿದರು. ಒಂದು ಸ್ಕ್ಯಾನು, ಒಂದು ಸಿರಿಂಜು ರಕ್ತ. ಮೂರು ದಿನಕ್ಕೆ ಪಿಡಿಎಫ್ ಬಂತು. ಕೆಂಪು ಅಕ್ಷರದಲ್ಲಿ ‘ಹೈ ರಿಸ್ಕ್’, ಪಕ್ಕದಲ್ಲಿ 1:180. ನಮ್ಮ ಪ್ರಶ್ನೆಗಳಿಗೆ ಸಿಕ್ಕಿದ್ದು ಐದು ನಿಮಿಷ. ಅದರಲ್ಲಿ ಮೂರು ನಿಮಿಷ, ಮುಂದಿನ ಟೆಸ್ಟಿನ ಪ್ಯಾಕೇಜುಗಳ ಬಗ್ಗೆ. ಬೇಸಿಕ್, ಪ್ಲಸ್, ಅಡ್ವಾನ್ಸ್ಡ್ ಅಂತ ಮೊಬೈಲ್ ಪ್ಲಾನಿನ ಹಾಗೆ ಮೂರು ಕಾಲಂ ಇದ್ದ ಕಾಗದ. ಊರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ಒಂದೇ ಮಾತಿನಾಗ ಮುಗಿಸಿದಳು: “ಅದೇನ ಹೆದರಬ್ಯಾಡ್ರಿ ತಮ್ಮಾ. ನಿಪ್ಪಾಣಿ ತಂಗಿ ಮನ್ಯಾಗ ಆ ಪಿಚ್ಚರ್ ನೋಡೇನಿ. ಅಕಿಗೂ ಹಿಂಗ ಹೇಳಿದ್ರು. ಕೂಸು ಬಂಗಾರದಂಗ ಹುಟ್ತು. ಈ ಟೆಸ್ಟ್ ಎಲ್ಲಾ ಸುಳ್ಳ ಇರ್ತಾವು. ಚಿಂಚಲಿ ಮಾಯಕ್ಕಗ ಬೇಡಿಕೊಂಡೇನಿ.”

ಅವ್ವ ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಹೇಗೆ ಸರಿ ಅನ್ನೋದನ್ನ ಸಿನಿಮಾ ಅವಳಿಗೆ ಹೇಳಿಕೊಟ್ಟಿರಲಿಲ್ಲ. ವಿಮರ್ಶೆ ಶುರುವಾಗಬೇಕಾದದ್ದು ಇಲ್ಲಿಂದ.

‘ಮಿಮಿ’ಯಲ್ಲಿ ಮಾಡಿದ್ದು ಯಾವ ಟೆಸ್ಟು? ಎಷ್ಟನೇ ವಾರದಲ್ಲಿ? ಅದು ಅಂದಾಜು ಹೇಳೋ ಟೆಸ್ಟೋ, ಖಚಿತ ಹೇಳೋ ಟೆಸ್ಟೋ? ಸಿನಿಮಾ ಇದ್ಯಾವುದರ ಹತ್ತಿರವೂ ನಿಲ್ಲಲ್ಲ. ‘ಟೆಸ್ಟಿನಲ್ಲಿ ಬಂದಿದೆ’ ಅನ್ನೋದು ಅಲ್ಲಿ ಆಕಾಶವಾಣಿ ಇದ್ದ ಹಾಗೆ. ಆದರೆ ನಿಜದಲ್ಲಿ ಎರಡು ಬೇರೆ ಬೇರೆ ಜಾತಿಯ ಟೆಸ್ಟುಗಳಿವೆ. ಡಬಲ್ ಮಾರ್ಕರ್, ಕ್ವಾಡ್ರುಪಲ್, ಈಗಿನ ಎನ್‌ಐಪಿಟಿ ಇವೆಲ್ಲ ಸ್ಕ್ರೀನಿಂಗ್, ಅಂದರೆ ಜರಡಿ. ಯಾರನ್ನ ಇನ್ನೂ ಹತ್ತಿರದಿಂದ ನೋಡಬೇಕು ಅಂತ ಆರಿಸೋದಷ್ಟೇ ಇವುಗಳ ಕೆಲಸ. ಹೊಟ್ಟೆಯೊಳಗೆ ಸೂಜಿ ಹಾಕಿ ಗರ್ಭದ ನೀರನ್ನೋ ಮಾಸಿನ ಚೂರನ್ನೋ ತೆಗೆದು ಕ್ರೋಮೋಸೋಮ್ ಎಣಿಸೋದು ಎರಡನೇ ಜಾತಿ. ಹೌದೋ ಅಲ್ಲವೋ ಅಂತ ಹೇಳೋದು ಅದು. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ, ಇದು ಜೋಳ ಹಸನು ಮಾಡೋ ಯಾವ ಹೆಣ್ಣುಮಗಳಿಗೂ ಗೊತ್ತು.

ಲೆಕ್ಕ ಮಾಡಿ ನೋಡೋಣ, ಕಷ್ಟದ್ದೇನಲ್ಲ. ಮೂವತ್ತು ವಯಸ್ಸಿನ ಒಂದು ಲಕ್ಷ ಬಸುರಿಯರನ್ನ ತಗೊಳ್ಳಿ. ಆ ವಯಸ್ಸಿನಲ್ಲಿ ಡೌನ್ ಸಿಂಡ್ರೋಮ್ ಸಾಧ್ಯತೆ ಸುಮಾರು ಸಾವಿರಕ್ಕೊಂದು. ಮೂವತ್ತೈದಕ್ಕೆ ಸುಮಾರು ಮುನ್ನೂರೈವತ್ತಕ್ಕೊಂದು, ನಲವತ್ತಕ್ಕೆ ನೂರಕ್ಕೊಂದು. ಅಂದರೆ ನಮ್ಮ ಲಕ್ಷ ಜನರಲ್ಲಿ ನೂರು ಮಕ್ಕಳಿಗೆ ಇದೆ. ಸ್ಕ್ಯಾನು ಮತ್ತು ರಕ್ತ ಸೇರಿಸಿ ಮಾಡೋ ಟೆಸ್ಟು ಈ ನೂರರಲ್ಲಿ ಎಂಬತ್ತೈದರಿಂದ ತೊಂಬತ್ತನ್ನ ಹಿಡಿಯುತ್ತೆ. ಒಳ್ಳೇದೇ. ಆದರೆ ಏನೂ ಇಲ್ಲದ ಬಸುರಿಯರಲ್ಲೂ ನೂರಕ್ಕೆ ಐವರಿಗೆ ಕೆಂಪು ದೀಪ ಹೊತ್ತಿಸುತ್ತೆ. ಅಂದರೆ ಸುಮಾರು ಐದು ಸಾವಿರ ಮನೆಗಳಲ್ಲಿ ಸುಳ್ಳು ದೀಪ. ಕೆಂಪು ಬಂದವರಲ್ಲಿ ನಿಜವಾಗಿ ಇರೋದು ಐವತ್ತಾರರಿಂದ ಅರವತ್ತರಲ್ಲಿ ಒಬ್ಬರಿಗೆ.

ನಾವು ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ಆನ್‌ಕಾಲ್ ಇದ್ದಾಗ ರಾತ್ರಿ ಎರಡಕ್ಕೆ ಬರೋ ಹತ್ತು ಅಲರ್ಟಿನಲ್ಲಿ ಒಂಬತ್ತು ಸುಮ್ಮನೆ. ಹಾಗಂತ ಅಲರ್ಟನ್ನ ಆಫ್ ಮಾಡಲ್ಲ, ಸರ್ವರ್‌ನೂ ಡಿಲೀಟ್ ಮಾಡಲ್ಲ. ಲಾಗಿನ್ ಆಗಿ ನೋಡ್ತೀವಿ. ಜಾನ್ ಮತ್ತು ಸಮರ್ ಲಾಗಿನ್ ಆಗದೆ ಸರ್ವರ್ ಡಿಲೀಟ್ ಮಾಡಿ ಅಂದವರು. ಸಿನಿಮಾ ಅವರ ಕ್ರೌರ್ಯವನ್ನ ತೋರಿಸುತ್ತೆ, ಅವರ ಅಜ್ಞಾನವನ್ನ ತೋರಿಸಲ್ಲ. ಡಾಕ್ಟರಿಗೆ ‘ಇನ್ನೊಂದು ಸಲ ಖಾತ್ರಿ ಮಾಡ್ಕೊಳ್ಳೋಣ’ ಅನ್ನೋ ಒಂದು ಡೈಲಾಗ್ ಕೊಟ್ಟಿದ್ದರೆ ಕಥೆ ಅಲ್ಲೇ ಮುಗಿದುಹೋಗ್ತಿತ್ತು. ಕಥೆ ನಡೀಬೇಕು ಅಂದರೆ ಆ ಡಾಕ್ಟರು ಬಾಯಿ ಮುಚ್ಚಿಕೊಂಡಿರಬೇಕು.

ಎನ್‌ಐಪಿಟಿ ಬಂದಮೇಲೆ ಇದೆಲ್ಲ ಹಳೇದಾಯ್ತು ಅಂತ ಸೇಲ್ಸ್‌ನವರು ಹೇಳ್ತಾರೆ. ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಚೂರುಗಳು ತೇಲಾಡ್ತಿರುತ್ತವೆ ಅಂತ ಹಾಂಗ್‌ಕಾಂಗ್‌ನ ಡೆನ್ನಿಸ್ ಲೋ ಮತ್ತು ಅವರ ಜೊತೆಗಾರರು 1997ರಲ್ಲಿ ತೋರಿಸಿದರು. 2011ರಿಂದ ಅದೇ ಟೆಸ್ಟಾಗಿ ಮಾರುಕಟ್ಟೆಗೆ ಬಂತು. ಡೌನ್ ಸಿಂಡ್ರೋಮ್ ಮಟ್ಟಿಗೆ ನಿಜಕ್ಕೂ ಅದ್ಭುತ ಟೆಸ್ಟು, ನೂರರಲ್ಲಿ ತೊಂಬತ್ತೊಂಬತ್ತನ್ನ ಹಿಡಿಯುತ್ತೆ, ಸುಳ್ಳು ದೀಪ ಸಾವಿರಕ್ಕೆ ಒಂದರಷ್ಟು. ಆದರೆ ಅದೇ ಒಂದು ಲಕ್ಷಕ್ಕೆ ಹಾಕಿ ನೋಡಿ. ನಿಜ 99, ಸುಳ್ಳು ಸುಮಾರು 100. ಅಂದರೆ ಮೂವತ್ತರ ಹೆಣ್ಣುಮಗಳಿಗೆ ‘ಶೇಕಡ 99 ನಿಖರ’ ಅನ್ನೋ ಟೆಸ್ಟು ಪಾಸಿಟಿವ್ ಬಂದರೂ ಅದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಪ್ಯಾಕೇಜು ದೊಡ್ಡದಾದಷ್ಟೂ, ಅಪರೂಪದ ಕಾಯಿಲೆಗಳು ಸೇರಿದಷ್ಟೂ, ಸುಳ್ಳಿನ ಪಾಲು ಹೆಚ್ಚು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ಬಗ್ಗೆ ದೊಡ್ಡ ತನಿಖಾ ವರದಿ ಮಾಡಿತು. ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ, ಬರೀ ಈ ಸ್ಕ್ರೀನಿಂಗ್ ನೋಡಿ ಬಸುರಿನ ಬಗ್ಗೆ ನಿರ್ಧಾರ ಮಾಡಬೇಡಿ ಅಂತ ಎಚ್ಚರಿಕೆ ಕೊಟ್ಟಿತು.

ಹಾಗಾದರೆ ರಿಪೋರ್ಟು ಸುಳ್ಳಾಗೋದು ಸಿನಿಮಾದ ಗುಳ್ಳೆಯಲ್ಲ, ನಡೆಯೋ ಸಂಗತಿಯೇ. ‘ಮಿಮಿ’ಯ ತಪ್ಪು ಸುಳ್ಳು ಹೇಳಿದ್ದಲ್ಲ. ಅಂಕಿಯ ಸತ್ಯವನ್ನ ಪವಾಡ ಮಾಡಿ ತೋರಿಸಿದ್ದು. ಅರವತ್ತರಲ್ಲಿ ಐವತ್ತೊಂಬತ್ತು ಜನರಿಗೆ ಆಗೋದು ಮಿಮಿಗೂ ಆಯ್ತು. ಆದರೆ ಪರದೆ ಮೇಲೆ ಅದು ತಾಯ್ತನಕ್ಕೆ ಸಿಕ್ಕ ಬಹುಮಾನದ ಹಾಗೆ ಕಾಣುತ್ತೆ. ಅವಳು ಧೈರ್ಯ ಮಾಡಿದಳು, ದೇವರು ಕೂಸನ್ನ ಸರಿ ಮಾಡಿಕೊಟ್ಟ. ಅವ್ವ ಅರ್ಥ ಮಾಡಿಕೊಂಡದ್ದೂ ಹೀಗೇ. ಈ ಪಾಠದ ಇನ್ನೊಂದು ಮುಖ ಭಯಂಕರ. ಉಳಿದ ಆ ಒಬ್ಬಳಿಗೆ, ಕೂಸು ‘ಸರಿ’ ಇಲ್ಲದೆ ಹುಟ್ಟಿದ ತಾಯಿಗೆ, ಈ ಸಿನಿಮಾ ಏನು ಹೇಳುತ್ತೆ? ನಿನ್ನ ಧೈರ್ಯ ಕಮ್ಮಿ ಬಿತ್ತು ಅಂತಲೇ?

ಅಂಥ ಒಬ್ಬ ತಾಯಿ ನಮ್ಮ ಓಣಿಯಲ್ಲೇ ಇದ್ದಾಳೆ, ನಾನು ಕಾಕು ಅಂತ ಕರೀತೀನಿ. ಅವಳ ಮಗ ನನಗಿಂತ ಒಂದು ವರ್ಷ ದೊಡ್ಡವ. ನನ್ನ ಜೊತೆ ಮೂರನೇತ್ತೆ ತನಕ ಒಂದೇ ಚಾಪೆಯಲ್ಲಿ ಕೂತವ. ಓಣಿಯಲ್ಲಿ ಯಾರೂ ಡೌನ್ ಸಿಂಡ್ರೋಮ್ ಅನ್ನೋ ಶಬ್ದ ಕೇಳಿರಲಿಲ್ಲ. ‘ಭೋಳೇ ಅದಾನ’ ಅಂತಿದ್ದರು, ಅಷ್ಟೆ. ಬೇಸ್ತವಾರ ಭಜನಿಯಲ್ಲಿ ತಾಳ ಅವನದೇ. ಲಯ ತಪ್ಪಿದ ದಿನ ನಾನು ನೋಡಿಲ್ಲ. ಡೇರಿಗೆ ಹಾಲು ಹಾಕಿ ಬರೋದು, ಎಮ್ಮೆಗೆ ಕಬ್ಬಿನ ವಾಡಿ ಹಾಕೋದು ಅವನ ಕೆಲಸ. ಆದರೆ ನಾವು ಓಡ್ತಿದ್ದಾಗ ಅವ ಅರ್ಧಕ್ಕೇ ಕೂತುಬಿಡ್ತಿದ್ದ, ತುಟಿ ನೀಲಿ ಆಗ್ತಿತ್ತು. ಹನ್ನೊಂದನೇ ವರ್ಷಕ್ಕೆ ಮಿರಜಿಗೆ ಕರೆದುಕೊಂಡು ಹೋದಾಗ ಹೃದಯದಲ್ಲಿ ತೂತು ಇದೆ, ಈಗ ಆಪರೇಷನ್ ಮಾಡೋ ಹೊತ್ತು ಮೀರಿಹೋಗಿದೆ ಅಂದರು. ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತೆ. ಅದರಲ್ಲಿ ಬಹಳಷ್ಟನ್ನ ಮೊದಲ ವರ್ಷದೊಳಗೆ ಸರಿ ಮಾಡಬಹುದು. ತಡ ಆದರೆ ಪುಪ್ಪುಸದ ರಕ್ತನಾಳ ಕೆಟ್ಟು ಆಪರೇಷನ್ನೇ ಅಪಾಯ ಆಗುತ್ತೆ.

ನಮ್ಮ ರಿಪೋರ್ಟಿನ ಸುದ್ದಿ ಓಣಿಗೆ ಗೊತ್ತಾದಮೇಲೆ ನಾನು ಊರಿಗೆ ಹೋದಾಗ ಕಾಕು ಮನೆಗೆ ಬಂದಳು. ಅವ್ವನ ಹಾಗೆ ‘ಟೆಸ್ಟ್ ಸುಳ್ಳ’ ಅನ್ನಲಿಲ್ಲ. “ಗೊತ್ತಾಗೂದು ಕೆಟ್ಟ ಅಲ್ಲೋ ತಮ್ಮಾ. ನನಗ ಹನ್ನೊಂದ ವರ್ಷ ತಡಾ ಆಗಿ ಗೊತ್ತಾತು” ಅಂದಳು.

ಬಸುರಿನ ಟೆಸ್ಟುಗಳ ಬಗ್ಗೆ ನಾನು ಕೇಳಿದ ಅತಿ ಸರಿಯಾದ ಮಾತು ಇದು. ‘ಮಿಮಿ’ಗೆ ಇದು ಹೊಳೆಯಲೇ ಇಲ್ಲ. ಅಲ್ಲಿ ಟೆಸ್ಟು ತೋರಿಸೋ ದಾರಿ ಎರಡೇ. ತೆಗೆಸೋದು, ಇಲ್ಲ ರಿಪೋರ್ಟನ್ನ ಹರಿದು ಒಗೆದು ವೀರಮಾತೆ ಆಗೋದು. ಹುಟ್ಟಿದ ಮಗುವನ್ನ ಕೊಲ್ಲೋದು ತಪ್ಪಾದರೆ ಹೊಟ್ಟೆಯೊಳಗಿನದನ್ನ ಯಾಕೆ ಅನ್ನೋ ಅರ್ಥದ ಮಾತು ಮಿಮಿಯ ಬಾಯಲ್ಲಿ ಬರುತ್ತೆ, ಚಪ್ಪಾಳೆ ಬೀಳುತ್ತೆ. ಆದರೆ ಮೂರನೇ ದಾರಿ ಇದೆ: ಗೊತ್ತಾಗಿದ್ದರಿಂದ ತಯಾರಾಗೋದು. ಹೃದಯದ ಸ್ಕ್ಯಾನು ಮಾಡಿಸೋದು, ತಾಲ್ಲೂಕಿನ ಬದಲು ಬೆಳಗಾವಿಯಲ್ಲೋ ಮಿರಜಿನಲ್ಲೋ ಹೆರಿಗೆ ಮಾಡಿಸೋದು, ಮಗುವಿಗೆ ಬೇಕಾದ ಡಾಕ್ಟರನ್ನ ಮೊದಲೇ ಹುಡುಕಿಟ್ಟುಕೊಳ್ಳೋದು. ಸರಕಾರದ್ದೇ ಆದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ಮೂವತ್ತು ಸಮಸ್ಯೆಗಳ ಪಟ್ಟಿಯಲ್ಲಿ ಡೌನ್ ಸಿಂಡ್ರೋಮೂ ಇದೆ, ಹುಟ್ಟಿನಿಂದ ಬರೋ ಹೃದಯದ ಕಾಯಿಲೆಯೂ ಇದೆ. ಇದನ್ನೆಲ್ಲ ಬಳಸಬೇಕು ಅಂದರೆ ಮೊದಲು ಗೊತ್ತಾಗಬೇಕು.

ಇದರರ್ಥ ಗರ್ಭಪಾತ ಆರಿಸೋರು ಕೆಟ್ಟವರು ಅಂತಲ್ಲ. ಡೆನ್ಮಾರ್ಕ್ 2004ರಿಂದ ಎಲ್ಲ ಬಸುರಿಯರಿಗೂ ಈ ಸ್ಕ್ರೀನಿಂಗ್ ಕೊಡುತ್ತೆ. ಅಲ್ಲಿ ಖಚಿತವಾದಮೇಲೆ ಬಹುಪಾಲು ಜನ ಬಸುರು ಮುಂದುವರಿಸೋದಿಲ್ಲ. ನಮ್ಮಲ್ಲೂ 2021ರ ಎಂಟಿಪಿ ತಿದ್ದುಪಡಿ, ಭ್ರೂಣದಲ್ಲಿ ಗಂಭೀರ ದೋಷ ಇದೆ ಅಂತ ಮೆಡಿಕಲ್ ಬೋರ್ಡ್ ಹೇಳಿದರೆ 24 ವಾರದ ಮಿತಿಯಾಚೆಗೂ ಅವಕಾಶ ಕೊಟ್ಟಿದೆ. ಅದಕ್ಕೂ ಮುಂಚೆ ಇಪ್ಪತ್ತು ವಾರದ ಗೋಡೆಗೆ ತಲೆ ಚಚ್ಚಿಕೊಂಡವರು ಬಹಳ. 2008ರಲ್ಲಿ ಮುಂಬೈನ ನಿಕೇತಾ ಮೆಹ್ತಾ, ಮಗುವಿನ ಹೃದಯದ ತೊಂದರೆ ತಡವಾಗಿ ಗೊತ್ತಾಗಿ ಬಾಂಬೆ ಹೈಕೋರ್ಟಿಗೆ ಹೋಗಿ ಇಲ್ಲ ಅನ್ನಿಸಿಕೊಂಡದ್ದು ದೇಶವೆಲ್ಲ ಸುದ್ದಿಯಾಗಿತ್ತು. ಆ ಹೆಣ್ಣುಮಗಳ ಸಂಕಟಕ್ಕೆ ‘ಮಿಮಿ’ಯ ಲೋಕದಲ್ಲಿ ಜಾಗ ಇಲ್ಲ. ಅಲ್ಲಿ ತೆಗೆಸು ಅನ್ನೋರು ದುಡ್ಡಿನ ವಿಲನ್‌ಗಳು ಮಾತ್ರ.

ಇದಕ್ಕೆ ಎದುರಾಗಿ ನೋಡಬೇಕಾದ ಸಿನಿಮಾ 2016ರ ಜರ್ಮನ್ ಚಿತ್ರ ‘24 ವೋಖೆನ್’, ಅಂದರೆ 24 ವಾರ. ಆನ್ ಜೋರಾ ಬೆರ್ರಾಶೆಡ್ ನಿರ್ದೇಶನ. ಜನರನ್ನ ನಗಿಸೋದೇ ಕಸುಬಾದ ಒಬ್ಬ ಸ್ಟೇಜ್ ಕಲಾವಿದೆಯ ಎರಡನೇ ಬಸುರು. ಡೌನ್ ಸಿಂಡ್ರೋಮ್ ಅಂತ ಗೊತ್ತಾಗುತ್ತೆ. ಗಂಡ ಹೆಂಡತಿ ಇಟ್ಟುಕೊಳ್ಳೋಣ ಅಂತ ನಿರ್ಧರಿಸ್ತಾರೆ. ಆಮೇಲೆ ಹೃದಯದ ದೊಡ್ಡ ತೊಂದರೆಯೂ ಗೊತ್ತಾಗುತ್ತೆ. ಕೊನೆಗೆ ಅವಳು ಬೇಡ ಅಂತ ತೀರ್ಮಾನಿಸ್ತಾಳೆ. ಡಾಕ್ಟರು, ಸೂಲಗಿತ್ತಿಯರ ಪಾತ್ರದಲ್ಲಿ ನಿಜವಾದ ಡಾಕ್ಟರುಗಳೇ, ಸೂಲಗಿತ್ತಿಯರೇ ಇದ್ದಾರೆ. ಅವರು ಏನನ್ನೂ ಮುಚ್ಚಿಡಲ್ಲ, ಏನು ಮಾಡ್ತಾರೆ, ಹೇಗೆ ಮಾಡ್ತಾರೆ, ಎಲ್ಲ ಹೇಳ್ತಾರೆ. ಅವಳ ತೀರ್ಮಾನ ನನಗೆ ಒಪ್ಪಿಗೆಯೋ ಅಲ್ಲವೋ ಇವತ್ತಿಗೂ ಹೇಳಲಾರೆ. ಆದರೆ ಆ ಸಿನಿಮಾದಲ್ಲಿ ರಿಪೋರ್ಟು ನಿಜ. ರಿಪೋರ್ಟು ನಿಜ ಆಗಿರೋದರಿಂದಲೇ ತೀರ್ಮಾನಕ್ಕೆ ತೂಕ. ‘ಮಿಮಿ’ ಆ ತೂಕ ಹೊರದೆ ತಪ್ಪಿಸಿಕೊಳ್ತು.

ನಿಜ ಜಗತ್ತಿನಲ್ಲಿ ‘ಮಿಮಿ’ಗೆ ಹತ್ತಿರದ ಘಟನೆ ನಡೆದೂ ಇತ್ತು. 2013ರ ಕೊನೆಯಲ್ಲಿ ಥಾಯ್ಲೆಂಡಿನ ಒಬ್ಬ ಬಾಡಿಗೆ ತಾಯಿ ಆಸ್ಟ್ರೇಲಿಯಾದ ದಂಪತಿಗೆ ಅವಳಿ ಮಕ್ಕಳನ್ನ ಹೆತ್ತಳು. ಅವರು ಹೆಣ್ಣುಮಗುವನ್ನ ಕರೆದುಕೊಂಡು ಹೋದರು. ಡೌನ್ ಸಿಂಡ್ರೋಮ್ ಇದ್ದ ಗಂಡುಮಗು ತಾಯಿಯ ಹತ್ತಿರ ಉಳಿಯಿತು. ‘ಬೇಬಿ ಗ್ಯಾಮಿ’ ಅಂತ ಜಗತ್ತಿಗೇ ಗೊತ್ತಾದ ಪ್ರಕರಣ. 2016ರಲ್ಲಿ ಆಸ್ಟ್ರೇಲಿಯಾದ ಕೋರ್ಟು, ದಂಪತಿ ಮಗುವನ್ನ ಬಿಟ್ಟು ಓಡಿಹೋಗಿರಲಿಲ್ಲ, ಆ ತಾಯಿಯೇ ಇಟ್ಟುಕೊಳ್ಳೋಕೆ ಬಯಸಿದ್ದಳು ಅಂತ ಹೇಳಿತು. ನೋಡಿ, ನಿಜ ಎಷ್ಟು ಸಿಕ್ಕುಸಿಕ್ಕು. ಇಲ್ಲಿ ಮಗುವಿನ ಕ್ರೋಮೋಸೋಮ್ ಕೊನೇ ರೀಲಿನಲ್ಲಿ ಬದಲಾಗಲಿಲ್ಲ. ಇದ್ದ ಹಾಗೇ ಇತ್ತು, ಮಗುವೂ ಬೆಳೀತು.

ಇನ್ನು ನಮ್ಮ ಸೀಮೆಗೇ ಸೇರಿದ ಒಂದು ಮಾತು. ನಿಪ್ಪಾಣಿಯಿಂದ ಕಾಗವಾಡದ ತನಕ ಬಸುರಿಗೆ ‘ಟೆಸ್ಟ್ ಮಾಡಿಸಿದ್ರೇನ?’ ಅಂತ ಕೇಳಿದರೆ ದನಿ ತಗ್ಗಿಸಿ ಕೇಳ್ತಾರೆ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಕಾಗವಾಡ ದಾಟಿ ಮಿರಜಿಗೆ ಹೋಗೋ ದಾರಿಯಲ್ಲಿ ಮ್ಹೈಸಾಳ ಸಿಗುತ್ತೆ. 2017ರ ಮಾರ್ಚಿನಲ್ಲಿ, ಗರ್ಭಪಾತ ಮಾಡಿಸಿಕೊಳ್ಳೋಕೆ ಹೋದ ಒಬ್ಬ ಹೆಣ್ಣುಮಗಳು ಸತ್ತಮೇಲೆ, ಪೊಲೀಸರು ಆ ಊರ ಹತ್ತಿರ ಹೂತಿಟ್ಟ 19 ಭ್ರೂಣಗಳನ್ನ ತೆಗೆದರು. ತನಿಖೆ ಗಡಿ ದಾಟಿ ಕಾಗವಾಡ, ವಿಜಯಪುರದ ಕಡೆಗೂ ಬಂತು. ಆರು ವರ್ಷ ಆದಮೇಲೆ, 2023ರಲ್ಲಿ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟುಕೊಂಡಿದ್ದ ಜಾಲ ಸಿಕ್ಕಿಬಿತ್ತು. ಕಬ್ಬು ಬೆಳೆಯೋ ಎರಡು ಸೀಮೆ, ಒಂದೇ ಕಥೆ.

ಜೆನೆಟಿಕ್ ಟೆಸ್ಟಿಗೂ ಇದಕ್ಕೂ ಏನು ಸಂಬಂಧ ಅಂದರೆ, ಬಹಳ ಹಳೇ ಸಂಬಂಧ. ಗರ್ಭದ ನೀರು ತೆಗೆದು ನೋಡೋ ಅಮ್ನಿಯೋಸೆಂಟೆಸಿಸ್ ನಮ್ಮ ದೇಶಕ್ಕೆ 1970ರ ದಶಕದಲ್ಲಿ ಬಂದದ್ದು ಮಗುವಿನ ದೋಷ ಕಂಡುಹಿಡಿಯೋಕೆ. ಜನ ಅದರಲ್ಲಿ ಕೇಳಿದ್ದು ಗಂಡೋ ಹೆಣ್ಣೋ ಅಂತ. ಅದನ್ನ ತಡೆಯೋಕೆ ಮಹಾರಾಷ್ಟ್ರ 1988ರಲ್ಲಿ ಮೊದಲು ಕಾಯ್ದೆ ತಂತು, 1994ರಲ್ಲಿ ದೇಶಕ್ಕೆಲ್ಲ ಅನ್ವಯಿಸೋ ಪಿಎನ್‌ಡಿಟಿ ಕಾಯ್ದೆ ಬಂತು. ಎನ್‌ಐಪಿಟಿ ಮಾಡೋ ಲ್ಯಾಬಿಗೆ ವೈ ಕ್ರೋಮೋಸೋಮೂ ಕಾಣುತ್ತೆ. ಕಾನೂನಿಗೆ ಹೆದರಿ ರಿಪೋರ್ಟಿನಲ್ಲಿ ಬರೆಯಲ್ಲ, ಅಷ್ಟೆ. ಹಾಗಾಗಿ ನಮ್ಮ ಕಡೆ ಒಬ್ಬ ಹೆಣ್ಣುಮಗಳು ‘ಟೆಸ್ಟ್’ ಅನ್ನೋ ಶಬ್ದಕ್ಕೆ ಬೆಚ್ಚಿದರೆ ಅದು ಮೂಢತನ ಅಲ್ಲ, ಅನುಭವ. ಇಂಥ ನೆಲದಲ್ಲಿ ಕೂತು ನೋಡೋರಿಗೆ, ಟೆಸ್ಟು ಸುಳ್ಳು ಹೇಳುತ್ತೆ ಅನ್ನೋ ಸಿನಿಮಾ ತಕ್ಷಣ ಹಿಡಿಸುತ್ತೆ. ಹುಟ್ಟಿದ ಕೂಸು ಗಂಡೇ ಆಗಿರೋದು, ಬೆಳ್ಳಗಿರೋದು, ಅದನ್ನ ನೋಡಿ ಇಡೀ ಊರು ಮರುಳಾಗೋದು, ಇವನ್ನೆಲ್ಲ ಸಿನಿಮಾ ತಮಾಷೆಗೆ ಬಳಸಿಕೊಂಡಿದೆ. ಅದೇ ಜಾಗದಲ್ಲಿ ಕಪ್ಪಗಿನ, ಡೌನ್ ಸಿಂಡ್ರೋಮ್ ಇರೋ ಹೆಣ್ಣುಕೂಸನ್ನ ಇಟ್ಟು ನೋಡಿ. ಆ ತಮಾಷೆಯಲ್ಲಿ ಒಂದಾದರೂ ಉಳಿಯುತ್ತಾ?

ಬರೀ ಸಿನಿಮಾದವರನ್ನ ಬಯ್ದರೆ ಅರ್ಧ ಸತ್ಯ. ಸಿನಿಮಾ ತುಂಬಿದ ಖಾಲಿ ಜಾಗವನ್ನ ಖಾಲಿ ಬಿಟ್ಟವರು ಆಸ್ಪತ್ರೆ, ಲ್ಯಾಬಿನವರು. 1994ರ ಅದೇ ಕಾಯ್ದೆಯ ಐದನೇ ಕಲಮು, ಬಸುರಿನ ರೋಗನಿರ್ಣಯ ಪರೀಕ್ಷೆಗೆ ಮುಂಚೆ ತಾಯಿಗೆ ಅರ್ಥವಾಗೋ ಭಾಷೆಯಲ್ಲಿ ಬರಹದ ಒಪ್ಪಿಗೆ ತಗೋಬೇಕು, ಅದರ ಪ್ರತಿ ಅವಳಿಗೆ ಕೊಡಬೇಕು ಅನ್ನುತ್ತೆ. ನಮಗೆ ಸಿಕ್ಕಿದ್ದು ನಾಲ್ಕು ಪುಟ ಇಂಗ್ಲಿಷ್, ಮೂರು ಕಡೆ ಸಹಿ. ಬಿಇ ಓದಿದ ನಾನೇ ‘ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ’ ಅಂದರೇನು ಅಂತ ರಾತ್ರಿ ಕೂತು ಓದಬೇಕಾಯ್ತು. ಅಥಣಿಯಲ್ಲಿ ಹತ್ತನೇತ್ತೆ ಓದಿ ಮದುವೆಯಾದ ಹುಡುಗಿ ಏನು ಮಾಡಬೇಕು? 1:180 ಅನ್ನೋದನ್ನ ‘ನಿಮ್ಮಂಥ 180 ಜನರಲ್ಲಿ 179 ಮಂದಿಗೆ ಈ ತೊಂದರೆ ಇರಲ್ಲ’ ಅಂತ ಕನ್ನಡದಲ್ಲಿ, ಕೆಂಪು ಬಣ್ಣ ಇಲ್ಲದೆ ಬರೆಯೋಕೆ ಎಷ್ಟು ಖರ್ಚಾಗುತ್ತೆ?

ಇನ್ನೊಂದು ವಿಚಿತ್ರ. ನಮ್ಮ ಭಾಗಕ್ಕೆ ನಿಜವಾಗಿ ಬೇಕಾದ ಪ್ರಶ್ನೆಯನ್ನ ಈ ಪ್ಯಾಕೇಜುಗಳು ಕೇಳೋದೇ ಇಲ್ಲ. ಡೌನ್ ಸಿಂಡ್ರೋಮಿಗೂ ಕಳ್ಳಬಳ್ಳಿ ಮದುವೆಗೂ ಸಂಬಂಧ ಇಲ್ಲ. ಅದು ಯಾರಿಗೆ ಬೇಕಾದರೂ ಬರಬಹುದು, ತಾಯಿಯ ವಯಸ್ಸಿನ ಜೊತೆ ಹೆಚ್ಚುತ್ತೆ. ಆದರೆ ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಅಡಗಿ ಕೂತ ಜೀನಿನಿಂದ ಬರೋ ಥಲಸ್ಸೀಮಿಯಾದಂಥ ಕಾಯಿಲೆಗಳಿಗೆ ಸೋದರಮಾವ, ಅತ್ತೆ ಮಗ ಅಂತ ಮನೆಯೊಳಗೇ ಮದುವೆ ಮಾಡೋದು ದಾರಿ ಸಲೀಸು ಮಾಡುತ್ತೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳನ್ನ ತಪಾಸಣೆ ಮಾಡಿದಾಗ, ತಂದೆ ತಾಯಂದಿರಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧಿಗಳು ಅಂತ ಅಪ್ಪಾಜಿ ರಾವ್, ಬಿಟಲ್ಸ್ ಮೊದಲಾದ ವಿಜ್ಞಾನಿಗಳು ದಾಖಲಿಸಿದರು. ನಮ್ಮ ಮನೆತನದಲ್ಲೇ ಲೆಕ್ಕ ಹಾಕಿದರೆ ಇನ್ನೂ ಜಾಸ್ತಿ ಬರಬಹುದು. ಥಲಸ್ಸೀಮಿಯಾದ ವಾಹಕರೋ ಅಲ್ಲವೋ ತಿಳಿಯೋದಕ್ಕೆ ಮದುವೆಗೆ ಮುಂಚೆ ಒಂದು ಸಾಧಾರಣ ರಕ್ತಪರೀಕ್ಷೆ ಸಾಕು. ಎನ್‌ಐಪಿಟಿಯ ಖರ್ಚಿಗೆ ಹೋಲಿಸಿದರೆ ಅದು ಚಿಲ್ಲರೆ ಕಾಸು. ಅದನ್ನ ಯಾರೂ ಪ್ಯಾಕೇಜು ಮಾಡಿ ಮಾರಲ್ಲ. ಮೂರು ಕ್ರೋಮೋಸೋಮ್ ನೋಡೋ ದುಬಾರಿ ಟೆಸ್ಟು ಮಾಡಿಸಿ ‘ಎಲ್ಲ ಜೆನೆಟಿಕ್ ಚೆಕ್ ಆಯ್ತು’ ಅಂತ ನಿಶ್ಚಿಂತೆಯಾಗಿರೋ ನನ್ನ ಬಳಗದವರು ಬಹಳ ಇದ್ದಾರೆ.

ನಮ್ಮದು ಏನಾಯ್ತು ಅಂತ ಕೇಳೋರಿಗೆ: ಎನ್‌ಐಪಿಟಿ ಲೋ ರಿಸ್ಕ್ ಬಂತು. ಮಗಳು ಹುಟ್ಟಿದಳು. ಈಗ ಎರಡು ವರ್ಷ ದಾಟಿದೆ, ಮನೆಯ ರಿಮೋಟು ಅವಳ ಕೈಲಿದೆ. ಅವ್ವ ಚಿಂಚಲಿಗೆ ಹೋಗಿ ಹರಕೆ ತೀರಿಸಿ ಬಂದಳು, ‘ನಾ ಹೇಳಿರಲಿಲ್ಲೇನ?’ ಅಂತ ಇವತ್ತಿಗೂ ಅಂತಾಳೆ. ಆದರೆ ನಮ್ಮ ಕಥೆಯಿಂದ ಯಾವ ಪಾಠವೂ ಸಿದ್ಧವಾಗಲ್ಲ. ನಮಗಾದದ್ದು 180ರಲ್ಲಿ 179 ಜನರಿಗೆ ಆಗೋದೇ. ಧೈರ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಫಲಿತಾಂಶಕ್ಕೆ ಕಾದ ಹತ್ತು ದಿನದಲ್ಲಿ ನಾವಿಬ್ಬರೂ ಮಾತಾಡಿದ್ದು, ಮಾತಾಡದೇ ಬಿಟ್ಟಿದ್ದು ಬೇರೆ. ಆ ಹತ್ತು ದಿನ ನಮಗೆ ಬೇಕಾಗಿದ್ದು ರಿಪೋರ್ಟು ಸುಳ್ಳಾಗೋ ಕಥೆ ಅಲ್ಲ. ರಿಪೋರ್ಟು ನಿಜ ಆದರೂ ಬದುಕು ಹೇಗೆ ನಡೆಯುತ್ತೆ ಅಂತ ತೋರಿಸೋ ಕಥೆ.

ಕೊನೆಗೆ ‘ಮಿಮಿ’ಯ ಮುಕ್ತಾಯಕ್ಕೇ ಬರೋಣ. ನಾಲ್ಕು ವರ್ಷ ಬಿಟ್ಟು ಜಾನ್ ಮತ್ತು ಸಮರ್ ವಾಪಸ್ ಬರ್ತಾರೆ, ಮಗು ಬೇಕು ಅಂತಾರೆ. ಯಾಕೆ ಬರ್ತಾರೆ? ಹುಡುಗ ಆರೋಗ್ಯವಾಗಿದ್ದಾನೆ ಅಂತ ವಿಡಿಯೋದಲ್ಲಿ ನೋಡಿದ್ದಕ್ಕೆ. ಕೊನೆಗೆ ಅವನನ್ನ ಮಿಮಿಗೇ ಬಿಟ್ಟು, ಅನಾಥಾಶ್ರಮದ ಒಂದು ಹೆಣ್ಣುಮಗುವನ್ನ ದತ್ತು ತಗೊಂಡು ಹೋಗ್ತಾರೆ. ಸಿನಿಮಾ ಅವರನ್ನ ಕ್ಷಮಿಸಿಬಿಡುತ್ತೆ, ನಾವೂ ಕಣ್ಣೊರೆಸಿಕೊಂಡು ಕ್ಷಮಿಸ್ತೀವಿ. ಹುಡುಗನಿಗೆ ನಿಜವಾಗಿ ಡೌನ್ ಸಿಂಡ್ರೋಮ್ ಇದ್ದಿದ್ದರೆ ಅವರು ವಾಪಸ್ ಬರ್ತಿದ್ದರಾ ಅನ್ನೋದನ್ನ ಸಿನಿಮಾ ಕೇಳಲ್ಲ. ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು. ರಿಪೋರ್ಟು ಸುಳ್ಳಾದದ್ದರಿಂದ ಆ ಪ್ರಶ್ನೆ ಅವರಿಗೂ ತಪ್ಪಿತು, ನೋಡ್ತಾ ಕೂತ ನಮಗೂ ತಪ್ಪಿತು.

ಈಚೆಗೆ, 2025ರಲ್ಲಿ, ಸ್ಪೇನಿನ ‘ಕಾಂಪಿಯೋನೆಸ್’ ಆಧರಿಸಿದ ‘ಸಿತಾರೆ ಜಮೀನ್ ಪರ್’ ಬಂತು. ಬುದ್ಧಿಯ ಬೆಳವಣಿಗೆ ಬೇರೆ ಥರ ಇರೋ ಪಾತ್ರಗಳನ್ನ ಅಂಥವರೇ ಮಾಡಿದ್ದಾರೆ. ಸಿನಿಮಾ ಸ್ವಲ್ಪ ಉಪದೇಶದ್ದೇ. ಆದರೂ ಊರಿಗೆ ಹೋದಾಗ ಕಾಕುಗೆ, ಅವಳ ಮಗನಿಗೆ ಮೊಬೈಲಿನಲ್ಲಿ ಒಂದಷ್ಟು ಹಾಡು, ದೃಶ್ಯ ತೋರಿಸಿದೆ. ಅವನಿಗೆ ಕಥೆ ಎಷ್ಟು ತಿಳೀತೋ ಗೊತ್ತಿಲ್ಲ. ಪರದೆ ಮೇಲೆ ತನ್ನಂಥದೇ ಮುಖ ಬಂದಾಗ ಮಾತ್ರ ಬೆರಳಿಟ್ಟು ತೋರಿಸಿ, ನನ್ನ ಕಡೆ ತಿರುಗಿ ನಕ್ಕ. ಅವನ ಮೂವತ್ತು ಚಿಲ್ಲರೆ ವರ್ಷದ ಬದುಕಿನಲ್ಲಿ ಸಿನಿಮಾದೊಳಗೆ ಅಂಥ ಮುಖ ಕಂಡದ್ದು ಇದೇ ಮೊದಲು.